ಕಣ್ಣು ಉರಿಯುವುದಕ್ಕೆ ಮುಂಚಿನ ಆರು ಗಂಟೆ

2018ರ ಬೇಸಿಗೆಯಲ್ಲಿ ನಾನು ಚಳ್ಳಕೆರೆಯ ಹೊರವಲಯದ ಒಂದು ಪೆಟ್ಟಿಗೆ ಕಾರ್ಖಾನೆಯಲ್ಲಿ ಯುವಿ ಯಂತ್ರದ ಆಪರೇಟರ್ ಆಗಿದ್ದೆ. ಆಗ ನನಗೆ ಐವತ್ತೊಂಬತ್ತು ವರ್ಷ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಅದಕ್ಕೂ ಮುಂಚೆ ಎಣ್ಣೆ ಮಿಲ್ಲಿನಲ್ಲಿ ದುಡಿದವನು. ಮಿಲ್ಲು ನಿಂತ ಮೇಲೆ ಈ ಕಾರ್ಖಾನೆಗೆ ಬಂದೆ. ಎಣ್ಣೆ ಟಿನ್ನುಗಳಿಗೆ ರಟ್ಟಿನ ಪೆಟ್ಟಿಗೆ, ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಹೊಳಪಿನ ಡಬ್ಬಿ ಅಲ್ಲಿ ತಯಾರಾಗುತ್ತಿದ್ದವು. ಡಬ್ಬಿಯ ಮುಚ್ಚಳಕ್ಕೆ ಕನ್ನಡಿಯಂಥ ಹೊಳಪು ತರುವ ಯಂತ್ರ ನನ್ನ ಕೈಯಲ್ಲಿತ್ತು. ಆ ಬೇಸಿಗೆಯ ಒಂದು ದಿನ ನಡೆದದ್ದನ್ನು ಇಷ್ಟು ವರ್ಷ ಕೇಳಿದವರಿಗೆಲ್ಲ ಅರ್ಧ ಮಾತ್ರ ಹೇಳುತ್ತಾ ಬಂದಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಯಂತ್ರದ ವಿಷಯ. ಅಚ್ಚಾದ ರಟ್ಟಿನ ಹಾಳೆಗೆ ತೆಳುವಾಗಿ ವಾರ್ನಿಶ್ ಬಳಿದು ಬೆಲ್ಟಿನ ಮೇಲೆ ಬಿಟ್ಟರೆ ಅದು ಒಂದು ಉದ್ದನೆಯ ಕಬ್ಬಿಣದ ಗೂಡಿನೊಳಗೆ ಹೋಗುತ್ತದೆ. ಒಳಗೆ ಪಾದರಸದ ಆವಿ ತುಂಬಿದ ಎರಡು ಗಾಜಿನ ಕೊಳವೆಗಳಿರುತ್ತವೆ. ಇವೇ ಯುವಿ ದೀಪ. ಇವುಗಳ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇರುತ್ತದೆ. ವಾರ್ನಿಶ್ ಬಿಸಿಲಿಗೆ ಒಣಗುವ ಹಾಗೆ ಒಣಗುವುದಿಲ್ಲ, ಈ ಕಿರಣ ತಾಕಿದ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ಅದಕ್ಕೇ ಕ್ಯೂರಿಂಗ್ ಅನ್ನುತ್ತಾರೆ. ದೀಪ ಪೂರ್ತಿ ಉರಿಯುವಾಗ ಗಾಜು ಎಂಟುನೂರು ಡಿಗ್ರಿಯ ಹತ್ತಿರ ಕಾದಿರುತ್ತದೆ. ಬೆಲ್ಟ್ ನಿಂತರೆ ದೀಪದ ಕೆಳಗೆ ಶಟರ್ ಎಂಬ ತಗಡು ತಾನಾಗಿ ಮುಚ್ಚಿಕೊಳ್ಳುತ್ತದೆ, ದೀಪ ಅರ್ಧಕ್ಕೆ ಇಳಿಯುತ್ತದೆ.

ಇದನ್ನು ನಿಲ್ಲಿಸುವುದಕ್ಕೊಂದು ಕ್ರಮ ಇದೆ. ಮೊದಲು ದೀಪ ಮಾತ್ರ ಆಫ್ ಮಾಡಬೇಕು. ಗಾಳಿ ಊದುವ ಬ್ಲೋವರ್ ಹದಿನೈದು ನಿಮಿಷ ಓಡುತ್ತಲೇ ಇರಬೇಕು, ಬೆಲ್ಟೂ ಓಡುತ್ತಿರಬೇಕು. ಇಲ್ಲದಿದ್ದರೆ ದೀಪದ ಕಾವಿಗೆ ಕೆಳಗಿನ ಬೆಲ್ಟ್ ಸುಡುತ್ತದೆ. ಎಲ್ಲ ತಣ್ಣಗಾದ ಮೇಲೆ ಮೇನ್ ಸ್ವಿಚ್ಚು ತೆಗೆದು, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಆಮೇಲೆ ಗೂಡಿನ ಮುಚ್ಚಳ ಎತ್ತಬೇಕು. ಯಂತ್ರ ಕೂರಿಸಲು ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರ್ ಇದನ್ನೆಲ್ಲ ನನಗೆ ಎರಡು ದಿನ ಹೇಳಿಕೊಟ್ಟಿದ್ದರು. ಹೋಗುವ ದಿನ ಇನ್ನೊಂದು ಮಾತು ಹೇಳಿದರು: "ಈ ಬೆಳಕು ಕಣ್ಣಿಗೆ ಬಿದ್ರೆ ಆಗ ಏನೂ ಅನ್ಸಲ್ಲ. ಐದಾರು ಗಂಟೆ ಬಿಟ್ಟು ಶುರುವಾಗುತ್ತೆ. ನೋವು ಬರಲಿ ಅಂತ ಕಾಯ್ಬೇಡಿ. ತಕ್ಷಣ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಯುವಿ ಅಂತ ಹೇಳಿ." ನಾನು ತಲೆಯಾಡಿಸಿದೆ. ಆ ಮಾತು ನನಗೆ ಅಕ್ಷರ ತಪ್ಪದೆ ನೆನಪಿತ್ತು, ಈಗಲೂ ಇದೆ.

ಮುಚ್ಚಳಕ್ಕೆ ಇಂಟರ್‌ಲಾಕ್ ಎಂಬ ಸಣ್ಣ ಸ್ವಿಚ್ಚು ಇರುತ್ತದೆ. ಮುಚ್ಚಳ ಎತ್ತಿದರೆ ದೀಪ ತಾನಾಗಿ ಆರಿಹೋಗಲಿ ಎಂದು ಅದನ್ನು ಇಟ್ಟಿರುತ್ತಾರೆ. ಆದರೆ ಪಾದರಸದ ದೀಪ ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಒಂದು ಹಾಳೆ ಸಿಕ್ಕಿಕೊಂಡರೆ ಕಾಲು ಗಂಟೆ ಕೈಕಟ್ಟಿ ಕೂರಬೇಕು. ದಿನಕ್ಕೆ ಐದಾರು ಸಲ ಹೀಗಾಗುತ್ತಿತ್ತು. ಎರಡನೇ ವರ್ಷದಲ್ಲಿ ನಾನೇ ಆ ಸ್ವಿಚ್ಚನ್ನು ಒತ್ತಿಹಿಡಿದು ದಾರ ಸುತ್ತಿ ಕಟ್ಟಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಒತ್ತಾಯ ಮಾಡಿದ್ದೂ ಅಲ್ಲ. ಅಂದಿನಿಂದ ಹಾಳೆ ಸಿಕ್ಕಿಕೊಂಡಾಗ ದೀಪವನ್ನು ಅರ್ಧಕ್ಕೆ ಬಿಟ್ಟು, ಶಟರ್ ಮುಚ್ಚಿರುವಂತೆಯೇ ಮುಚ್ಚಳ ಎತ್ತಿ ಹಾಳೆ ಎಳೆದುಹಾಕುತ್ತಿದ್ದೆವು. ಮೂರು ವರ್ಷ ಏನೂ ಆಗಲಿಲ್ಲ.

ಹಾಳೆ ಎಳೆಯುವ ಕೆಲಸ ರತ್ನಮ್ಮನದು. ಮೊಳಕಾಲ್ಮೂರಿನ ನೇಕಾರರ ಮನೆಯವಳು, ನಲವತ್ತರ ಆಸುಪಾಸು. ಮನೆಯಲ್ಲಿ ಗಂಡ ಮಗ್ಗದಲ್ಲಿ ಕೂರುತ್ತಿದ್ದ. ಮಗ್ಗದ ಉದ್ದನೂಲಾದ ಹಾಸು ಮುಗಿದಾಗ ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವ ಕೆಲಸ ಇವಳದು. ಕೂದಲಿಗಿಂತ ತೆಳುವಾದ ಸಾವಿರಾರು ಎಳೆಗಳು. ಓಣಿಯ ಬೇರೆ ಮನೆಯವರೂ ಆ ಕೆಲಸಕ್ಕೆ ಇವಳನ್ನೇ ಕರೆಯುತ್ತಿದ್ದರು. ಮಗ್ಗಕ್ಕೆ ಕೆಲಸ ಕಡಿಮೆ ಇದ್ದ ತಿಂಗಳುಗಳಲ್ಲಿ ಬೆಳಗಿನ ಬಸ್ಸು ಹಿಡಿದು ನಮ್ಮ ಕಾರ್ಖಾನೆಗೆ ಬರುತ್ತಿದ್ದಳು. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಯಂತ್ರದ ಗದ್ದಲದಲ್ಲೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. "ಈ ಡಬ್ಬಿ ಮಿಂಚೋದು ನೋಡಿದ್ರೆ ಒಳಗಿರೋ ಸೀರೆಗೆ ನಾಚಿಕೆ ಆಗ್ಬೇಕು ಅಣ್ಣ," ಅಂತ ನಗಿಸುತ್ತಿದ್ದಳು.

ಆ ದಿನ ಪ್ಯಾನೆಲ್ ಹತ್ತಿರ ನಿಲ್ಲುವವನು ರಜೆ ಹಾಕಿದ್ದ. ಅವನ ಬದಲು ಕಟಿಂಗ್ ವಿಭಾಗದಿಂದ ಓಬಳೇಶನನ್ನು ಕಳಿಸಿದರು. ಆಂಧ್ರದ ಗಡಿಯಾಚೆ ಒಂದು ಹಳ್ಳಿಯವನು, ಮೂವತ್ತೈದು ದಾಟಿದ ಸಂಸಾರಸ್ಥ, ಮನೆಮಾತು ತೆಲುಗು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದ. ಪ್ಯಾನೆಲ್ಲಿನ ಗುಂಡಿಗೆ ಮೂರು ಸ್ಥಾನ: ಆಫ್, ಅರ್ಧ, ಪೂರ್ತಿ. ಪೂರ್ತಿಗೆ ತಿರುಗಿಸಿದರೆ ಬೆಲ್ಟ್ ನಿಂತಿದ್ದರೂ ಶಟರ್ ತೆರೆಯುತ್ತದೆ. ಐದು ನಿಮಿಷದಲ್ಲಿ ತೋರಿಸಿ ಮುಗಿಸಿದೆ. "ಇಷ್ಟೇನಾ ಅಣ್ಣ? ಮನೇಲಿ ಫ್ಯಾನಿನ ಗುಂಡಿ ಇದಕ್ಕಿಂತ ಕಷ್ಟ ಐತೆ," ಅಂದ.

ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಹಾಳೆ ಸಿಕ್ಕಿಕೊಂಡು ಬೆಲ್ಟ್ ನಿಂತಿತು. ಶಟರ್ ಮುಚ್ಚಿತು, ದೀಪ ಅರ್ಧಕ್ಕಿಳಿಯಿತು. ನಾನು ಹಾಳೆಗಳು ಹೊರಬೀಳುವ ತುದಿಯಲ್ಲಿ, ಸುಮಾರು ಮೂವತ್ತು ಅಡಿ ದೂರದಲ್ಲಿದ್ದೆ. ರತ್ನಮ್ಮ ಎಂದಿನಂತೆ ಮುಚ್ಚಳ ಎತ್ತಿ, ಬಗ್ಗಿ, ಒಳಗೆ ಕೈ ಹಾಕಿದಳು. ಬೆವರಿಗೆ ಮಂಜಾಗುತ್ತದೆ ಎಂದು, ಈ ಬೆಳಕು ತಡೆಯಲು ಕೊಟ್ಟಿದ್ದ ಕನ್ನಡಕವನ್ನು ಮೊಳೆಗೆ ನೇತುಹಾಕಿದ್ದಳು. ನಾನು ಅದನ್ನು ಕಂಡೂ ಏನೂ ಅಂದಿರಲಿಲ್ಲ. ಅಷ್ಟರಲ್ಲಿ ಸುಟ್ಟ ರಟ್ಟಿನ ವಾಸನೆ ಬಂತು. ಹಾಳೆ ಶಟರಿಗೆ ಅಂಟಿಕೊಂಡು ಹೊಗೆಯಾಡುತ್ತಿತ್ತು. ದೀಪ ಪೂರ್ತಿ ನಿಲ್ಲಿಸಬೇಕಿತ್ತು. ನಾನು ಅಲ್ಲಿಂದಲೇ ಕೂಗಿದೆ:

"ಓಬಳೇಶಾ, ದೀಪ ದೊಡ್ದು ಮಾಡು ಲೇ. ಬೇಗ."

ನಮ್ಮ ಮನೆಗಳಲ್ಲಿ ದೀಪ ಆರಿಸು ಅನ್ನುವುದಿಲ್ಲ. ಹಾಗಂದರೆ ಕೆಟ್ಟದ್ದು ಎಂದು ನಮ್ಮವ್ವ ಚಿಕ್ಕಂದಿನಲ್ಲೇ ಬಾಯಿಗೆ ಬಡಿದು ಕಲಿಸಿದ್ದಳು. ದೀಪ ದೊಡ್ಡದು ಮಾಡು ಅಂದರೆ ಆರಿಸು ಎಂದೇ ಅರ್ಥ. ದಿನವೂ ಪ್ಯಾನೆಲ್ಲಿಗೆ ಊದುಬತ್ತಿ ಬೆಳಗಿ ಕೆಲಸ ಶುರುಮಾಡುತ್ತಿದ್ದ ನನಗೆ ಆ ಗಾಜಿನ ಕೊಳವೆಯೂ ದೀಪವೇ ಆಗಿತ್ತು. ರಜೆಯಲ್ಲಿದ್ದವನು ನಮ್ಮ ಕಡೆಯವನು. ಮೂರು ವರ್ಷದಿಂದ ಆ ಮಾತಿಗೆ ಗುಂಡಿಯನ್ನು ಆಫ್ ಕಡೆಗೆ ತಿರುಗಿಸುತ್ತಿದ್ದ. ಓಬಳೇಶ ಪೂರ್ತಿ ಕಡೆಗೆ ತಿರುಗಿಸಿದ.

ಶಟರ್ ತೆರೆಯಿತು. ಗೂಡಿನ ಬಾಯಿಂದ ಬಿಳಿ ನೀಲಿ ಬೆಳಕು ಛಾವಣಿಯವರೆಗೆ ಹೊಡೆಯಿತು. ರತ್ನಮ್ಮನ ಮುಖ ಒಂದೂವರೆ ಅಡಿ ದೂರದಲ್ಲಿತ್ತು. ಅವಳು ತಕ್ಷಣ ಹಿಂದಕ್ಕೆ ಬರಲಿಲ್ಲ. ಹಾಳೆಗೆ ಬೆಂಕಿ ಹತ್ತುತ್ತದೆ ಎಂದು ಮುಖ ಓರೆ ಮಾಡಿ ಅದನ್ನು ಎಳೆಯುತ್ತಲೇ ಇದ್ದಳು. ನಾನು ಓಡಿಬಂದು ಕೆಂಪು ಗುಂಡಿ ಗುದ್ದುವಷ್ಟರಲ್ಲಿ ಆರೇಳು ಸೆಕೆಂಡಾದರೂ ಆಗಿತ್ತು.

ಎಲ್ಲ ನಿಂತಿತು. ಅವಳು ಹಾಳೆಯನ್ನು ಕಾಲಲ್ಲಿ ತುಳಿದು ಹೊಗೆ ಆರಿಸುತ್ತಾ ನಕ್ಕಳು. "ಏನೂ ಆಗಿಲ್ಲ ಬಿಡಣ್ಣ. ಮುಂದೇನೇ ಮಿಂಚು ಹೊಡ್ದಂಗಾತು ಅಷ್ಟೆ."

ಆ ಕ್ಷಣದಿಂದ ನಾನು ಗಂಟೆ ಎಣಿಸತೊಡಗಿದೆ. ಆದರೆ ನನ್ನ ಕೈ ಮೊದಲು ಹೋದದ್ದು ಎಲ್ಲಿಗೆ ಎಂದು ಬರೆಯಲೇಬೇಕು. ಅವಳು ನೀರು ಕುಡಿಯಲು ಹೋದಾಗ ಇಂಟರ್‌ಲಾಕಿಗೆ ಕಟ್ಟಿದ್ದ ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಸದ್ದು ನಿಂತದ್ದು ಕೇಳಿ ಯಜಮಾನರು ಬಂದರು. "ಏನಾತ್ರಿ? ಯಾರು ಮಾಡಿದ್ದು?"

"ಓಬಳೇಶ ಗುಂಡಿ ತಪ್ಪು ತಿರುಗಿಸ್ದ," ಅಂದೆ.

ಓಬಳೇಶನ ಮುಖ ಬಿಳುಚಿತ್ತು. "ನೀವೇ ದೊಡ್ದು ಮಾಡು ಅಂದ್ರಲ್ಲಣ್ಣ. ದೊಡ್ದು ಮಾಡಿದೆ."

"ದೊಡ್ದು ಮಾಡು ಅಂದ್ರೆ ಆರಿಸೋದು ಅಂತ ಗೊತ್ತಿಲ್ವೇನಲೇ ನಿನಗೆ?"

"ನಮ್ ಕಡೆ ದೀಪ ಆರಿದ್ರೆ ದೀಪಂ ಕೊಂಡೆಕ್ಕಿಂದಿ ಅಂತೀವಿ. ದೀಪ ಬೆಟ್ಟ ಹತ್ತಿತು ಅಂತ. ದೊಡ್ದು ಅಂದ್ರೆ ದೊಡ್ದು ಅಂತ್ಲೇ ತಿಳ್ಕೊಂಡೆ."

ಯಜಮಾನರು ನಕ್ಕುಬಿಟ್ಟರು. "ಬೆಟ್ಟ ಹತ್ತಿಸೋ ಹಂಗಿದ್ರೆ ನೀನು ಮನೆಗೆ ಹೋಗಪ್ಪ," ಎಂದರು. ಸುತ್ತ ನಿಂತವರೂ ನಕ್ಕರು. ಓಬಳೇಶ ರತ್ನಮ್ಮನ ಕಡೆ ಒಮ್ಮೆ ಕೈಮುಗಿದು ಚೀಲ ತೆಗೆದುಕೊಂಡು ಹೋದ. ಮತ್ತೆ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಮುಚ್ಚಳ ತೆರೆದಿದ್ದಾಗ ದೀಪ ಹೇಗೆ ಉರಿಯಿತು ಎಂದು ಯಜಮಾನರು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಆ ಕಾರ್ಖಾನೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಹದಿನೈದು ನಿಮಿಷದ ನಂತರ ಯಂತ್ರ ಮತ್ತೆ ಹೊರಟಿತು. ರತ್ನಮ್ಮ ಬೆಲ್ಟಿನ ಪಕ್ಕ ನಿಂತು ಕೆಲಸ ಮಾಡಿದಳು. ಹತ್ತು ಗಂಟೆಗೆ ಟೀ ಕುಡಿದಳು. ಹನ್ನೆರಡೂವರೆಗೆ ಊಟ ಮಾಡಿದಳು. ಊಟದ ಹೊತ್ತಿಗೆ ಅವಳ ಎಡಗೆನ್ನೆಯೂ ಮುಂಗೈಯೂ ಕೆಂಪಾಗಿದ್ದವು. ನಾನು ಗೋಡೆಯ ಗಡಿಯಾರವನ್ನೂ ಅವಳ ಕಣ್ಣನ್ನೂ ನೋಡುತ್ತಿದ್ದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಕೇಳುತ್ತಾರೆ: ಮುಚ್ಚಳ ತೆಗೆದರೆ ದೀಪ ಆರಬೇಕಲ್ಲ, ಯಾಕೆ ಆರಲಿಲ್ಲ? ಆ ಒಂದು ಪ್ರಶ್ನೆಗೆ ಹೆದರಿದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಬೆಳಕು ಓರೆಯಾಗಿ ಬಿದ್ದಿರಬಹುದು, ಏನೂ ಆಗದೇ ಇರಬಹುದು ಎಂದು ಗಂಟೆಗೊಮ್ಮೆ ನನಗೆ ನಾನೇ ಹೇಳಿಕೊಂಡೆ.

ಎರಡೂವರೆಗೆ ಅವಳು ಕಣ್ಣು ಉಜ್ಜಿದಳು. "ಮರಳು ಬಿದ್ದಂಗೆ ಆಗ್ತೈತೆ ಅಣ್ಣ."

"ರಟ್ಟಿನ ಧೂಳು. ತಣ್ಣೀರು ಹಾಕ್ಕೊ," ಅಂದೆ.

ಮೂರಕ್ಕೆ ಕೆಲಸ ಬಿಟ್ಟಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಿಸಿಲಿಗೆ ರೆಪ್ಪೆ ಬಿಚ್ಚಲಾಗುತ್ತಿರಲಿಲ್ಲ. ನನ್ನ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ. ದಾರಿಯಲ್ಲಿ ಒಂದು ಕಣ್ಣಿನ ದವಾಖಾನೆ ಇದೆ. ಬಾಗಿಲು ತೆರೆದಿತ್ತು, ಹೊರಗಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಬೋರ್ಡಿನ ಮೇಲೆ ದೊಡ್ಡದೊಂದು ಕಣ್ಣಿನ ಚಿತ್ರ. ಹಿಂದೆ ಕೂತವಳಿಗೆ ಅದು ಕಾಣಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಾನು ಬ್ರೇಕು ಹಿಡಿದೆ. ಆಮೇಲೆ ಬಿಟ್ಟೆ. ಅವಳನ್ನು ಮೊಳಕಾಲ್ಮೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಮೊಳಕಾಲ್ಮೂರಿನಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಹೇಳಿದೆ. "ನೀವು ಇರೋದಕ್ಕೆ ಸರಿಹೋತು ಅಣ್ಣ," ಅಂದಳು.

ಮಾರನೆಯ ದಿನ ಬರಲಿಲ್ಲ. ಅವಳ ಗಂಡ ಫೋನು ಮಾಡಿದ: "ಮದ್ರಾಸ್ ಐ ಆಗೈತ್ರಿ. ನಾಲ್ಕು ದಿನ ಬರಲ್ಲ." ಆ ತಿಂಗಳು ಊರಲ್ಲೆಲ್ಲ ಕಣ್ಣುಬೇನೆ ಹರಡಿತ್ತು. ಅವರಾಗೇ ಹಾಗೆ ತಿಳಿದುಕೊಂಡಿದ್ದರು. ಫೋನು ಇಟ್ಟಾಗ ನನಗೆ ಹಾಯೆನಿಸಿತು. ಈ ಒಂದು ವಾಕ್ಯ ಬರೆಯುವುದಕ್ಕೆ ನಾನು ತುಂಬಾ ದಿನ ತೆಗೆದುಕೊಂಡಿದ್ದೇನೆ.

ನಾಲ್ಕನೆಯ ದಿನ ಭಾನುವಾರ. ಬೆಳಗ್ಗೆಯೇ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಮನೆಯೊಳಗೆ ಮಗ್ಗ ನಿಂತಿತ್ತು. ರತ್ನಮ್ಮ ಒಳಕೋಣೆಯಲ್ಲಿ ಒದ್ದೆ ಬಟ್ಟೆಯನ್ನು ಕಣ್ಣ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಕೆನ್ನೆಯ ಚರ್ಮ ಸುಲಿದು ಏಳುತ್ತಿತ್ತು. "ಬಿಸಿಲಾಗೆ ಓಡಾಡಿ ಹಿಂಗಾಗೈತೆ," ಎಂದಳು ಅವಳ ಅತ್ತೆ. ಪಕ್ಕದಲ್ಲಿ ಕಣ್ಣಿಗೆ ಬಿಡುವ ಸಣ್ಣ ಬಾಟಲಿ ಇತ್ತು. ಹಿಂದೆ ಕಣ್ಣಿನ ಶಿಬಿರಗಳಲ್ಲಿ ಕಾಂಪೌಂಡರ್ ಆಗಿದ್ದ ಒಬ್ಬರು ಕೊಟ್ಟದ್ದಂತೆ.

"ಹಾಕಿದ ತಕ್ಷಣ ನೋವು ಮಂಗಮಾಯ ಅಣ್ಣ," ಅಂದಳು ರತ್ನಮ್ಮ. "ಅರ್ಧ ತಾಸಿಗೆ ಮತ್ತೆ ಬತ್ತೈತೆ. ಮತ್ತೆ ಹಾಕ್ಕೊಂತೀನಿ. ಆದ್ರೆ ನೀವು ಎದುರಿಗೆ ಕೂತಿರೋದು ಹೊಗೆ ಕೂತಂಗೆ ಕಾಣ್ತೈತೆ."

ಅವಳನ್ನೂ ಗಂಡನನ್ನೂ ಒಂದು ಗಾಡಿ ಮಾಡಿಕೊಂಡು ಚಳ್ಳಕೆರೆಗೆ ಕರೆತಂದೆ. ಅಂದು ದವಾಖಾನೆಗೆ ರಜೆ. ಡಾಕ್ಟರ ಮನೆ ಬಾಗಿಲು ತಟ್ಟಿದೆ, ಅವರು ಬಂದು ದವಾಖಾನೆ ತೆರೆದರು. ಬಣ್ಣದ ಹನಿ ಹಾಕಿ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ಇದು ಮದ್ರಾಸ್ ಐ ಅಲ್ಲ. ಕಪ್ಪುಗುಡ್ಡೆ ಮೇಲಿನ ಪೊರೆ ಎರಡೂ ಕಣ್ಣಲ್ಲೂ ಸುಟ್ಟಿದೆ. ವೆಲ್ಡಿಂಗ್ ಏನಾದ್ರೂ ನೋಡಿದ್ದೀಯೇನಮ್ಮ?"

"ಇಲ್ಲ ಸಾರ್. ಫ್ಯಾಕ್ಟ್ರೀಲಿ ಒಂದ್ಸಲ ಮಿಂಚು ಬಂತು ಅಷ್ಟೆ. ಅಣ್ಣನೂ ಇದ್ರು."

ಡಾಕ್ಟರು ನನ್ನ ಕಡೆ ತಿರುಗಿದರು. "ಯಾವ ದೀಪ? ಎಷ್ಟು ಹೊತ್ತು?"

"ಯುವಿ ಸಾರ್," ಅಂದೆ. "ಆರೇಳು ಸೆಕೆಂಡು. ಒಂದೂವರೆ ಅಡಿಯಿಂದ."

ಅವರು ಬಾಟಲಿ ಕೈಗೆತ್ತಿಕೊಂಡು ಹೆಸರು ಓದಿದರು. "ಇದು ಮರಗಟ್ಟಿಸೋ ಔಷಧಿ. ಪರೀಕ್ಷೆ ಮಾಡುವಾಗ ನಾವು ಒಂದು ಹನಿ ಹಾಕ್ತೀವಿ. ಹಿಂಗೆ ದಿನವೆಲ್ಲ ಹಾಕಿದ್ರೆ ಸುಟ್ಟ ಪೊರೆ ಕೂಡಲ್ಲ, ಹುಣ್ಣಾಗುತ್ತೆ. ಎಡಗಣ್ಣಲ್ಲಿ ಆಗಿದೆ. ಅವತ್ತೇ ಬಂದಿದ್ರೆ ಎರಡು ಮೂರು ದಿನದಲ್ಲಿ ವಾಸಿಯಾಗಿ ಹೋಗ್ತಿತ್ತು ಕಣ್ರೀ. ದೀಪ ಉರೀತಿರುವಾಗ ಮುಚ್ಚಳ ಹೆಂಗೆ ತೆಗೆದ್ರಿ?"

"ಸ್ವಿಚ್ಚು ಕೆಟ್ಟಿತ್ತು ಸಾರ್."

ಅಷ್ಟು ಕಂಡ ಮೇಲೂ ನನ್ನ ಬಾಯಿಂದ ಬಂದದ್ದು ಅದು.

ಚಿಕಿತ್ಸೆ ಮೂರು ತಿಂಗಳು ನಡೆಯಿತು. ದೊಡ್ಡ ಆಸ್ಪತ್ರೆಗೂ ಹೋಗಿಬಂದರು. ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಕಲೆ ಉಳಿಯಿತು. ನಡೆದಾಡಲು, ಅಡಿಗೆ ಮಾಡಲು ಅಡ್ಡಿಯಿಲ್ಲ. ಎಳೆಗೆ ಎಳೆ ಕೂಡಿಸಲು ಮಾತ್ರ ಆಗುವುದಿಲ್ಲ. ಹತ್ತಿರದ ವಸ್ತು ಎಷ್ಟು ಹತ್ತಿರವಿದೆ ಎಂದು ತಿಳಿಯಲು ಎರಡೂ ಕಣ್ಣು ಬೇಕಂತೆ. ಓಣಿಯವರು ಆ ಕೆಲಸಕ್ಕೆ ಬೇರೆಯವರನ್ನು ಕರೆಯತೊಡಗಿದರು. ಅವಳು ಕಾರ್ಖಾನೆಗೂ ಮತ್ತೆ ಬರಲಿಲ್ಲ. ನಾನು ಒಂದು ವರ್ಷ ಮುಗಿಸಿ, ಶಾಲು ಹೊದಿಸಿಕೊಂಡು ನಿವೃತ್ತನಾದೆ.

ಕಳೆದ ವರ್ಷ ನನಗೆ ವಯಸ್ಸಿಗೆ ಬರುವ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಮಲಗಿಸಿ ಕಣ್ಣಿಗೆ ಒಂದು ಹನಿ ಬಿಟ್ಟರು. ಕಣ್ಣು ನನ್ನದಲ್ಲವೆಂಬಂತೆ ಮರಗಟ್ಟಿತು. ಆ ಮೇಜಿನ ಮೇಲೆ ನನಗೆ ಅವಳ ಬಾಟಲಿಯ ವಿನಾ ಬೇರೇನೂ ಹೊಳೆಯಲಿಲ್ಲ. ಪಟ್ಟಿ ಬಿಚ್ಚಿದ ವಾರದಲ್ಲಿ ಮೊಳಕಾಲ್ಮೂರಿಗೆ ಹೋದೆ.

ರತ್ನಮ್ಮ ಬಾಗಿಲ ಬೆಳಕಿನಲ್ಲಿ ಕೂತು ರಾಟೆ ತಿರುಗಿಸುತ್ತಾ ಗಂಡನ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ನಾನು ಎದುರಿಗೆ ಕೂತು ಇಂಟರ್‌ಲಾಕ್ ಕೆಟ್ಟಿರಲಿಲ್ಲ, ನಾನೇ ಕಟ್ಟಿದ್ದೆ ಅಂದೆ.

ಅವಳು ರಾಟೆ ನಿಲ್ಲಿಸಲಿಲ್ಲ. "ಅದು ಗೊತ್ತಿತ್ತಣ್ಣ. ದಿನಾ ಮುಚ್ಚಳ ಎತ್ತುತ್ತಿದ್ದೋಳು ನಾನು, ಕಟ್ಟಿದ್ದು ಕಾಣ್ತಿರಲಿಲ್ವಾ? ಬೇಗ ಕೆಲಸ ಆಗ್ಲಿ ಅಂತ ನಾನೂ ಸುಮ್ಮನಿದ್ದೆ."

"ಇನ್ನೊಂದೈತೆ," ಅಂದೆ. "ಕಣ್ಣು ಉರಿಯೋದು ಆರು ತಾಸು ಬಿಟ್ಟು ಅಂತ ನನಗೆ ಗೊತ್ತಿತ್ತು. ಬೆಳಗ್ಗೆ ಬೆಳಕು ಬಿದ್ದಾಗ್ಲೇ ಗೊತ್ತಿತ್ತು. ಧೂಳು ಅಂದೆ."

ರಾಟೆ ನಿಂತಿತು. ಅವಳು ನನ್ನನ್ನು ಬಲಗಣ್ಣಿನಿಂದ ನೋಡಲು ಮುಖವನ್ನು ಸ್ವಲ್ಪ ಓರೆ ಮಾಡಿದಳು.

"ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಸ್ ಹತ್ತಿಸಿದ್ರಾ? ಆರು ತಾಸು ಚಳ್ಳಕೆರೆಲೇ ಇದ್ದೆನಲ್ಲಣ್ಣ ನಾನು. ನಿಮ್ಮ ಕಣ್ಣೆದುರಿಗೇ ಉಂಡೆನಲ್ಲ."

ಆಮೇಲೆ ಅವಳೇ ಕೇಳಿದಳು, "ಓಬಳೇಶಂಗೆ ಹೇಳಿದ್ರಾ?"

"ಇಲ್ಲ."

"ನನಗಿಂತ ಮೊದ್ಲು ಅವನಿಗೆ ಹೇಳ್ಬೇಕಿತ್ತು. ಹಬ್ಬಕ್ಕೊಂದ್ಸಲ ಫೋನ್ ಮಾಡ್ತಾನೆ. ಅಕ್ಕಾ, ನಿನ್ನ ಕಣ್ಣು ನಾನೇ ತೆಗೆದೆ ಅಂತ ಅಳ್ತಾನೆ." ಗಂಡನ ಫೋನು ತಂದು ನಂಬರ್ ಹಚ್ಚಿ ನನ್ನ ಕೈಗೆ ಕೊಟ್ಟಳು.

ಓಬಳೇಶ ಈಗ ರಾಯದುರ್ಗದಲ್ಲಿ ಆಟೋ ಓಡಿಸುತ್ತಾನೆ. ನಾನು ದಾರ ಕಟ್ಟಿದ್ದನ್ನೂ, ಬಿಚ್ಚಿದ್ದನ್ನೂ, ಆರು ಗಂಟೆ ಸುಮ್ಮನಿದ್ದದ್ದನ್ನೂ ಹೇಳಿದೆ. ಆ ಕಡೆ ಆಟೋದ ಸದ್ದು ನಿಂತಿತು. "ನೀವು ಹೇಳೋದು ತಡ ಮಾಡಿದ್ರಿ ಅಣ್ಣ," ಅಂದ. ಆಮೇಲೆ, "ಅಕ್ಕಂಗೆ ಕೊಡ್ರಿ," ಅಂದ. ಫೋನು ರತ್ನಮ್ಮನಿಗೆ ಕೊಟ್ಟೆ. ಗಡಿಯ ಊರಿನವಳಾದ್ದರಿಂದ ಅವಳಿಗೂ ತೆಲುಗು ಬರುತ್ತದೆ, ಇಬ್ಬರೂ ಅದರಲ್ಲೇ ಮಾತಾಡಿಕೊಂಡರು. ನನಗೆ ತೆಲುಗು ಅಷ್ಟಾಗಿ ಬಾರದು. ಅವಳು ನಡುವೆ ಒಮ್ಮೆ ನಕ್ಕದ್ದು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕಂಡಿತು. ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಯಂತ್ರ ನಿಲ್ಲಿಸುವ ಕ್ರಮವನ್ನು ಮೇಲೆ ಬರೆದಿದ್ದೇನೆ. ಅದನ್ನು ಯಾರು ಬೇಕಾದರೂ ಎರಡು ದಿನದಲ್ಲಿ ಕಲಿಯಬಹುದು. ಸ್ವಿಚ್ಚು ಕಟ್ಟಬಾರದು, ದೂರದಿಂದ ಕೂಗಿ ಕೆಲಸ ಹೇಳಬಾರದು, ಪ್ಯಾನೆಲ್ಲಿನಲ್ಲಿ ಬರೆದಿರುವ ಪದವನ್ನೇ ಹೇಳಬೇಕು. ಇವೆಲ್ಲ ತಪ್ಪಿದ ಮೇಲೂ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ದಿದ್ದರೆ ರತ್ನಮ್ಮನ ಕಣ್ಣು ಉಳಿಯುತ್ತಿತ್ತು. ದೀಪ ನಿಂತ ಮೇಲೆ ನನ್ನ ಕೆಲಸ ಮುಗಿಯಲಿಲ್ಲ, ಆಗ ಶುರುವಾಯಿತು ಎಂದು ನನಗೆ ತಿಳಿದಿತ್ತು. ಈ ಯಂತ್ರಗಳ ಮುಂದೆ ಈಗ ನಿಲ್ಲುವವರಿಗೆ ನಾನು ಹೇಳುವುದು ಇಷ್ಟೇ. ಆ ಬೆಳಕು ಯಾರ ಕಣ್ಣಿಗಾದರೂ ಬಿದ್ದರೆ ಅವರು ನಗುತ್ತಾ ಏನೂ ಆಗಿಲ್ಲ ಅನ್ನುತ್ತಾರೆ, ಮತ್ತು ಅವರು ಹೇಳುವುದು ನಿಜವೆಂದೇ ಕಾಣುತ್ತದೆ. ಆಗಲೇ ಕೈ ಹಿಡಿದು ಕರೆದುಕೊಂಡು ಹೋಗಿ. ದಾರಿಯಲ್ಲಿ ನಿಮ್ಮ ತಪ್ಪನ್ನೂ ಹೇಳಿಬಿಡಿ.